ಬಚ್ಚಲೊಳಗಿನ ಹದ್ದು

ನಮ್ಮ ಓಣಿಯ ಗಟಾರ ಎರಡು ಮಳೆಗಾಲ ಅರ್ಧಕ್ಕೇ ನಿಂತದ್ದು ಎರಡು ಕಚೇರಿಗಳ ಜಗಳದಿಂದಲ್ಲ, ನಾನು ಬಟ್ಟೆ ಒಗೆಯುತ್ತಿದ್ದ ಕಲ್ಲಿನಿಂದ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಮೊನ್ನೆ ಸಮುದಾಯ ಭವನದ ಮುಂದೆ ಹಾಯುವಾಗ ಹಸಿ ಬಣ್ಣದ ವಾಸನೆ ಬಂತು. ಪೇಂಟರ್ ಏಣಿ ಹತ್ತಿ ಗೋಡೆಯ ಮೇಲೆ ಭವನ ಕಟ್ಟಿಸಿದವರ ಮಾಸಿದ ಹೆಸರುಗಳನ್ನು ತಿದ್ದುತ್ತಿದ್ದ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಮೇಲೆ ಪುರಸಭೆ, ಕೆಳಗೆ ಗ್ರಾಮ ಪಂಚಾಯಿತಿ. ನನ್ನ ಹೆಸರಿರಲಿಲ್ಲ. ಇರದಿದ್ದದ್ದೇ ಚಲೋ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮ ಓಣಿ. ಮೇಲಿನ ಅರ್ಧ ಊರಿಗೆ ಸೇರಿದ್ದು, ಕೆಳಗಿನ ಅರ್ಧ ಹಳ್ಳಿಗೆ. ಹೊಸ ಸಾವಿರ ವರ್ಷ ಬಂತೆಂದು ಟಿವಿಯಲ್ಲಿ ಕೂಗಾಡುತ್ತಿದ್ದ ಕಾಲಕ್ಕೆ ಎರಡೂ ಕಚೇರಿಯವರು ಕೂಡಿ ಒಪ್ಪಂದ ಮಾಡಿಕೊಂಡರು. ಸಮುದಾಯ ಭವನದ ಖರ್ಚು ಅರ್ಧರ್ಧ, ನೆಲದೊಳಗಿನ ಗಟಾರದ ಖರ್ಚು ಮಾತ್ರ ಅವರವರ ಗಡಿ ಹದ್ದಿನವರೆಗೆ ಅವರವರದು. ಭವನ ಎದ್ದು ನಿಂತಿತು. ಗಟಾರ ಮೇಲಿನಿಂದ ಬಂದು ನಮ್ಮ ನೆರೆಮನೆಯ ಮಕಬೂಲ್ ಬೀಯ ಬಾಗಿಲ ಮುಂದೆ ನಿಂತಿತು. ಕೆಳಗಿನ ಗಟಾರ ಅಲ್ಲಿಂದ ಹತ್ತು ಹೆಜ್ಜೆ ಆಚೆಗೆ ನಿಂತಿತು. ನಡುವಿನ ಹತ್ತು ಹೆಜ್ಜೆ ತಮ್ಮ ಹದ್ದಲ್ಲವೆಂದು ಇವರೂ ಅಂದರು, ಅವರೂ ಅಂದರು. ಓಣಿಯ ಹೊಲಸೆಲ್ಲ ಆಕೆಯ ಹೊಸ್ತಿಲಿಗೆ.

ಹದ್ದಿಗೆ ನಿಜಾಮನ ಕಾಲದ ಒಂದು ಕಲ್ಲಿತ್ತಂತೆ. ಇತ್ತು. ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಬಂದ ಮನೆಗೆ ಬಚ್ಚಲಿರಲಿಲ್ಲ. ಎರಡು ಹಳೆಯ ಸೀರೆ ಕಟ್ಟಿಕೊಂಡು, ಯಾರಾದರೂ ಬಂದಾರೆಂದು ಕೋಳಿಯ ಹಾಗೆ ಕತ್ತು ಚಾಚಿ ಚಾಚಿ ನೋಡುತ್ತ ಮೈ ತೊಳೆಯುತ್ತಿದ್ದೆ. ಸಾಬೂನು ಹಚ್ಚಿದ್ದು ನೆನಪಿರುತ್ತಿತ್ತು, ತೊಳೆದದ್ದು ನೆನಪಿರುತ್ತಿರಲಿಲ್ಲ. ನಾಲ್ಕು ವರ್ಷ ಜಗಳಾಡಿದ ಮೇಲೆ ನಮ್ಮ ಮನೆಯವರು ಓಣಿಯೊಳಗೆ ಒಂದು ಮೊಳ ಸರಿದು ಬಚ್ಚಲು ಕಟ್ಟಿದರು. ನೆಲದಲ್ಲಿ ಹುಗಿದ ಉದ್ದನೆಯ ಕಲ್ಲೊಂದು ಅಡ್ಡ ಬಂತು. ಕಿತ್ತು ಅಲ್ಲೇ ಮಲಗಿಸಿದರು. ಒಂದು ಮುಖದ ಮೇಲೆ ಏನೋ ಕೆತ್ತಿತ್ತು. ಸೀರೆಯ ಎಳೆ ಹಿಡಿಯುತ್ತದೆಂದು ಆ ಮುಖ ಕೆಳಗೆ ಮಾಡಿಸಿದವಳು ನಾನೇ. ಇಪ್ಪತ್ತು ವರ್ಷ ಅದರ ಮೇಲೆ ಬಟ್ಟೆ ಬಡಿದೆ.

ಬಾಯಿ ಬಿಟ್ಟರೆ ಬಚ್ಚಲು ಹೋಗುತ್ತಿತ್ತು. ಅದಕ್ಕೇ ಬಿಡಲಿಲ್ಲ.

ಹೊಸ ಭವನದಲ್ಲಿ ಮೊದಲು ನಡೆದದ್ದು ಮದುವೆಯಲ್ಲ, ಈ ಗಟಾರದ ಸಭೆ. ಮಧ್ಯಾಹ್ನದ ಬಿಸಿಲು. ಆ ಕಡೆಯವರು ಆ ಗೋಡೆಗೆ, ಈ ಕಡೆಯವರು ಈ ಗೋಡೆಗೆ. ನಡುವೆ ನಕ್ಷೆ ಹಾಸಿಕೊಂಡು ಸರ್ವೆಯವನು ಬೆವರುತ್ತಿದ್ದ.

"ಇವತ್ತು ತೀರಲಿಲ್ಲಂದ್ರ ಕೆಲಸ ಬಂದ್ ಮಾಡ್ತೀವಿ," ಎಂದರು ಊರಿನವರು.

"ಮಾಡ್ರಿ. ಹೊಲಸು ನಿಮ್ದೇ ಅದ," ಎಂದರು ಹಳ್ಳಿಯವರು.

ಸರ್ವೆಯವನು ಬಾಗಿಲ ಹತ್ತಿರ ಕೂತಿದ್ದ ನನ್ನ ಕಡೆ ತಿರುಗಿದ. "ಆಯಿ, ನೀವು ಹಳಬರು. ಹದ್ದು ಎಲ್ಲದ, ನೋಡೀರೇನ್ರಿ?"

ಸೆರಗು ಎಳೆದುಕೊಂಡು ಮುಖ ತಗ್ಗಿಸಿದೆ. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಹದ್ದೇನ್ರಿ ಸಾಹೇಬ್ರ? ಹೊರಗ ಬಂದು ಮ್ಯಾಲ ನೋಡ್ರಿ, ಹಾರಾಕತ್ತದ."

ಭವನವೆಲ್ಲ ನಕ್ಕಿತು. ಎರಡೂ ಗೋಡೆಯವರು ಕೂಡಿ ನಕ್ಕದ್ದು ಅದೊಂದೇ ಸಲ. ನಗದವಳು ಮಕಬೂಲ್ ಬೀ. ಎದ್ದು ನಿಂತಳು.

"ನಗ್ರಿ. ನನ್ನ ಮಗಳು ಶಮೀಮಾ ಬಾಣಂತನಕ್ಕ ಬಂದಾಳ. ಹೊಲಸು ನೀರು ಆಕಿ ಪಲಂಗದ ಕಾಲಿಗಿ ಬಂದದ. ಶುಕ್ರವಾರ ಮನಿಗಿ ಕೀಲಿ ಹಾಕಿ ಕಲ್ಯಾಣಕ್ಕ ತಂಗಿ ಹತ್ರ ಹೋಗ್ತೀನಿ. ಮತ್ತ ಬರಂಗಿಲ್ಲ." ಆಮೇಲೆ ನನ್ನನ್ನೇ ನೋಡಿದಳು. "ಅಕ್ಕಾ, ನಿನಗ ಹಾರೋ ಹದ್ದು ಕಾಣಸ್ತದ. ನನಗ ನೆಲದ ಮ್ಯಾಲಿನ ಹದ್ದು ಬೇಕಾಗ್ಯದ."

ಮನೆಗೆ ಬಂದು ಬಚ್ಚಲಲ್ಲಿ ಕೂತೆ. ಕಲ್ಲಿನ ಕೆಳಗೆ ಬೆರಳು ತೂರಿಸಿದೆ. ಕೆತ್ತಿದ್ದು ಕೈಗೆ ಹತ್ತಿತು. ನನ್ನ ಎರಡು ಹೆರಿಗೆಗೂ ಬಿಸಿನೀರು ಕಾಸಿ ಹೊತ್ತು ತಂದು ಇದೇ ಬಚ್ಚಲಲ್ಲಿ ಎರೆದವಳು ಮಕಬೂಲ್ ಬೀ. ನಾನು ಅಳಲಿಲ್ಲ. ಅಳುವುದಕ್ಕಿಂತ ಹಾರೆ ಹುಡುಕುವುದು ಸುಲಭ.

ಪೇಂಟರ್‌ಗೆ ಇದನ್ನೆಲ್ಲ ಯಾರು ಹೇಳುತ್ತಾರೆ? ಅವನು ಅಕ್ಷರ ದಪ್ಪ ಮಾಡುತ್ತಿದ್ದ. ಶಮೀಮಾಳ ಮಗಳ ನಿಕಾಹ್ ಬರುವ ವಾರ ಇದೇ ಭವನದಲ್ಲಿ; ಬಣ್ಣ ಅದಕ್ಕೇ. ಇಷ್ಟು ದಿನ ಆ ಗೋಡೆ ನೋಡಿದರೆ ಮುಖ ಬೇರೆ ಕಡೆ ಮಾಡುತ್ತಿದ್ದೆ. ಮೊನ್ನೆ ನಿಂತು ಪೂರಾ ಓದಿದೆ. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

ಆ ಸಭೆಯ ಮರುದಿನ ಬೆಳಿಗ್ಗೆ ನಾನು ಹಾರೆಯಿಂದ ಬಚ್ಚಲ ಗೋಡೆ ಕೆಡವಿದೆ. ಕಲ್ಲನ್ನು ಹೊರಳಿಸಿ, ಕೆತ್ತಿದ ಮುಖ ಮೇಲೆ ಮಾಡಿ, ಮಕಬೂಲ್ ಬೀಯನ್ನು ಕರೆದೆ. ಅದು ಉರ್ದು. ಅವಳು ಓದಬಲ್ಲಳು, ನಾನಲ್ಲ.

ಬಗ್ಗಿ, ಸಾಬೂನಿನ ಜಿಡ್ಡು ಉಗುರಿನಿಂದ ಕೆರೆದು ಓದಿದಳು. "ಹದ್."

"ಎಲ್ಲಿತ್ತು?" ಎಂದಳು ತಲೆ ಎತ್ತಿ.

"ಇಲ್ಲೇ, ನೀ ನಿಂತಲ್ಲಿ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಬಚ್ಚಲ ಹೋಗ್ತದಂತ."

ಅವಳು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಸರ್ವೆಯವನಿಗೆ ಹೇಳಿ ಕಳಿಸಿದೆ. ಅವನು ಬರುವುದರೊಳಗೆ ಎರಡು ಹಳೆಯ ಸೀರೆ ಕಟ್ಟಿ, ಕತ್ತು ಚಾಚಿ ಚಾಚಿ ನೋಡುತ್ತ, ಸ್ನಾನ ಮಾಡಿದೆ.