ಚೀಲ ತುಂಬ ಅವರೆಕಾಯಿ

ಮನೆ ಮುಂದೆ ಬರುವ ತಳ್ಳುಗಾಡಿಯಲ್ಲಿ ತರಕಾರಿ ಕೊಳ್ಳುವಾಗ ನಾನು ಮಹಾ ವಿವೇಕಿ. ರೈತರ ಸಂತೆಗೆ ಕಾಲಿಟ್ಟೊಡನೆ ಆ ವಿವೇಕ ಗೇಟಿನ ಹೊರಗೇ ಉಳಿದುಬಿಡುತ್ತದೆ. ಗಾಡಿಯ ಬಳಿ ಅಡುಗೆಮನೆಯ ಅಗತ್ಯವೇ ಆಜ್ಞೆ: ನಾಲ್ಕು ಬದನೆಕಾಯಿ, ಒಂದು ಕಟ್ಟು ಕೊತ್ತಂಬರಿ, ಮುಗಿಯಿತು. ಚಿಕ್ಕಬಳ್ಳಾಪುರದ ಸಂತೆಯಲ್ಲಾದರೋ, ಸೊಪ್ಪಿನ ಹಸಿರಿಗೆ ಮರುಳಾಗಿ, ಮಂಡಿಕಲ್ ಕಡೆಯ ಹೆಂಗಸರು ಕೊಂಡದ್ದರ ಮೇಲೊಂದು ಹಿಡಿ ಸುರಿದಾಗ ಬೇಡವೆನ್ನಲಾರದೆ, ಹೆಗಲು ಜೋತುಬೀಳುವಷ್ಟು ಹೊತ್ತು ತರುತ್ತೇನೆ. ನೀವೂ ಹಾಗೆಯೇ ಇದ್ದೀರಿ, ನನಗೆ ಗೊತ್ತು. ಆ ವಾರದ ಅಡುಗೆಯನ್ನು ನಿರ್ಧರಿಸುವುದು ಗೃಹಿಣಿಯ ಯೋಜನೆಯಲ್ಲ, ಗೃಹಸ್ಥನ ಚಾಪಲ್ಯ. ಮೂರು ಹೊತ್ತೂ ಮೂಲಂಗಿ ತಿಂದ ದಿನಗಳಿಗೆ ನಾನೇ ಹೊಣೆ.

ನನ್ನ ಹೆಂಡತಿ ಜಯ ಇದಕ್ಕೆ ಬೇಸರಿಸಿದವಳಲ್ಲ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂತೆಂದರೆ ಚೀಲ ತುಂಬಿಯೇ ತರಬೇಕೆಂಬುದು ಅವಳದೇ ಕಟ್ಟಪ್ಪಣೆ. ಅಕ್ಕಪಕ್ಕದ ಹೆಂಗಸರು ನಮ್ಮ ಜಗುಲಿಯಲ್ಲಿ ಕೂತು ಹರಟುತ್ತ ಸುಲಿಯುತ್ತಿದ್ದರು. ನೆನೆಸಿದ ಕಾಳನ್ನು ಜಯ ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ತಟ್ಟೆಗೆ ಹಾರುತ್ತಿತ್ತು. ಆ ಹಿತಕಿದ ಬೇಳೆಯ ಸಾರು ಡಬ್ಬಿ ಡಬ್ಬಿಯಾಗಿ ಇಡೀ ಬೀದಿ ಸುತ್ತುತ್ತಿತ್ತು.

ಹೋದ ಬೇಸಿಗೆಯಲ್ಲಿ ಅವಳ ಬಲಗೈಗೆ ಲಕ್ವ ಹೊಡೆಯಿತು. ಔಷಧಿ, ಎಣ್ಣೆ ನೀವುವುದು, ಹರಕೆ ಎಲ್ಲವೂ ನಡೆದಿವೆ. ಕೈ ಮಾತ್ರ ಏಳುತ್ತಿಲ್ಲ. ಇಷ್ಟಾದರೂ ಈ ಚಳಿಗಾಲದಲ್ಲಿ ಸೊಗಡು ಮೂಗಿಗೆ ಬಡಿದದ್ದೇ ತಡ, ನಾನು ಅಭ್ಯಾಸಬಲದಿಂದ ಚೀಲ ತುಂಬಿಸಿಬಿಟ್ಟೆ. ಮನೆಯಲ್ಲಿ ಸುರಿದ ಮೇಲೆ ರಾಶಿ ನೋಡಿ ಭಯವಾಯಿತು. ಪಕ್ಕದವರನ್ನು ಕರೆಯಲೇ ಎಂದು ಕೇಳಿದೆ, ಬೇಡವೆಂದಳು. ಅವರೆದುರು ಎಡಗೈಯಲ್ಲಿ ತಡಕಾಡುವುದು ಅವಳಿಗೆ ಬೇಕಿರಲಿಲ್ಲ.

ನಾನೇ ಸುಲಿದು ನೆನೆಸಿದೆ. ಮರುದಿನ ಅವಳು ಹಟ ಹಿಡಿದು ಎಡಗೈಯಲ್ಲಿ ಹಿತುಕಲು ಕೂತಳು. ಕಾಳುಗಳು ಜಾರಿ ಜಾರಿ ಮಂಚದಡಿ ಸೇರಿದವು. ಕಾಲೇಜಿನಲ್ಲಿ ನಿಂತು ಪಾಠ ಹೇಳಿಯೇ ಸವೆದ ಮೊಣಕಾಲನ್ನೂರಿ ನಾನು ಅವುಗಳ ಹಿಂದೆ ತೆವಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ತಟ್ಟೆಯನ್ನು ನನ್ನತ್ತ ಸರಿಸಿದಳು.

"ಇನ್ಮೇಲೆ ಗಾಡಿಯೋನ ಹತ್ರಾನೇ ತಗೊಳ್ಳಿ ರೀ. ನಮ್ಮಿಬ್ರಿಗೆ ಎಷ್ಟು ಬೇಕು?"

ಮಕ್ಕಳಿಲ್ಲದ ಈ ಮನೆಯಲ್ಲಿ ಮೊದಲಿನಿಂದಲೂ ನಾವಿಬ್ಬರೇ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಈಗ ಗಾಡಿಯಿಂದಲೇ ಕೊಳ್ಳುತ್ತಿದ್ದೇನೆ. ಏನೂ ಬಾಡುವುದಿಲ್ಲ, ಏನೂ ಉಳಿಯುವುದಿಲ್ಲ. ಇಬ್ಬರಿಗೆ ಸರಿಯಾಗಿ ಸಾಕಾಗುತ್ತದೆ.