ಪುಷ್ಪಕ ವಿಮಾನದ ಒಳಗಿನ ಕಾರು

ಧರಣಿ ಮೇಟಗಳ್ಳಿಯ ಆ ಫೈಬರ್ ಶೆಡ್ಡಿಗೆ ಮೊದಲ ಸಲ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ತನ್ನ ಕಾರಿನ ಬಂಪರ್ ಒಡೆದುಕೊಂಡು. ಏಕಾಂತಯ್ಯ ಆಗಷ್ಟೇ ಮುದ್ದೆ ಉಂಡು ತಟ್ಟೆ ತೊಳೆಯುತ್ತಿದ್ದರು. ಫೈಬರ್ ಬಿಗಿಯಲು ಬಳಿಯುವ ರೆಸಿನ್ ಅಂಟು ಒಣಗಿ ಅವರ ಮೊಣಕೈವರೆಗೂ ಬಿಳಿ ಪೊರೆಯ ಹಾಗೆ ಅಂಟಿತ್ತು. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಬಂದು, ಬಿರುಕಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಒಳಗಿಂದ ಪಟ್ಟಿ ಕೊಟ್ಟು ನಿಲ್ಲಿಸ್ತೀನಿ ಮೇಡಂ. ಸಂಜೆ ಬನ್ನಿ" ಎಂದರು.

ಧರಣಿ ಎಲ್ಲಿಗೂ ಹೋಗಲಿಲ್ಲ. ಶೆಡ್ಡಿನ ಹಿಂದೆ, ಬೇವಿನ ಮರದ ಕೆಳಗೆ, ಹರಿದ ಟಾರ್ಪಾಲು ಅರ್ಧ ಹೊದ್ದು ನಿಂತಿದ್ದ ಚಿನ್ನದ ಬಣ್ಣದ ಪುಷ್ಪಕ ವಿಮಾನ ಅವಳ ಕಣ್ಣಿಗೆ ಬಿದ್ದಿತ್ತು. ಮುಂದೆ ಹಂಸದ ಕತ್ತು, ನೆತ್ತಿಯ ಮೇಲೆ ಪುಟ್ಟ ಗೋಪುರ, ಎರಡು ಮಗ್ಗುಲಿಗೂ ಗರಿ ಬಿಡಿಸಿದ ರೆಕ್ಕೆ. ಅವಳು ಅದನ್ನೆಲ್ಲ ಬಿಟ್ಟು ಹಿಂದಿನ ತುದಿಯನ್ನೇ ನೋಡುತ್ತ ನಿಂತಳು. ಆಮೇಲೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಮಣ್ಣಿನ ಮೇಲೆ ಅಂಗಾತ ಮಲಗಿ, ಮೊಬೈಲ್ ಬೆಳಕು ಹಿಡಿದು ಅದರ ಅಡಿಗೆ ತಲೆ ತೂರಿಸಿದಳು.

ಏಕಾಂತಯ್ಯ ಗಾಬರಿಯಿಂದ ಓಡಿ ಬಂದರು. "ಏನಮ್ಮಾ, ಓಲೆ ಗೀಲೆ ಬಿದ್ದೋಯ್ತಾ?"

"ಇಲ್ಲ ಯಜಮಾನ್ರೇ, ಇದು ಕಾರು!"

"ಕಾರಲ್ಲ ಕಣಮ್ಮ, ಪುಷ್ಪಕ ವಿಮಾನ. ದಸರಾ ಸ್ತಬ್ಧಚಿತ್ರದ್ದು."

"ಮೇಲೆ ವಿಮಾನ. ಒಳಗಡೆ ಕಾರಿದೆ."

"ಬಿಸಿಲು ಜೋರಾಗಿದೆ. ನೆರಳಿಗೆ ಬನ್ನಿ, ಒಂದು ಲೋಟ ನೀರು ಕುಡೀರಿ" ಎಂದರು ಏಕಾಂತಯ್ಯ.

ಅವಳು ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ಪಾಠ ಹೇಳುವವಳು, ಹಳೆಯ ಕಾರುಗಳ ಹುಚ್ಚಿನವಳು ಎಂದು ಅವರಿಗೆ ಗೊತ್ತಾದದ್ದು ನೀರು ಕುಡಿಸಿದ ಮೇಲೆ.

ಏಕಾಂತಯ್ಯ ಬನ್ನೂರು ಕಡೆಯ ಹಳ್ಳಿಯವರು. ಹುಡುಗರಾಗಿದ್ದಾಗ ಗೌರಿಹಬ್ಬ ಹತ್ತಿರ ಬಂದರೆ ಕೆರೆಯ ಜೇಡಿಮಣ್ಣು ತಂದು ಬೀದಿಗೆಲ್ಲ ಗಣಪತಿ ಮಾಡಿಕೊಡುತ್ತಿದ್ದರು. ಗಣಪತಿಗಿಂತ ಇಲಿಯೇ ಚೆನ್ನಾಗಿ ಬರುತ್ತಿತ್ತು ಎಂದು ಈಗಲೂ ಹೇಳಿಕೊಂಡು ನಗುತ್ತಾರೆ. ಕೈಯಲ್ಲಿ ಕಲೆಯಿದೆ ಎಂದು ಸಂಬಂಧಿಕರೊಬ್ಬರು ಕರೆತಂದು ಮೇಟಗಳ್ಳಿಯ ಪುಟ್ಟಸ್ವಾಮಿಯವರ ಫೈಬರ್ ಶೆಡ್ಡಿಗೆ ಸೇರಿಸಿದರು. ಗಾಜಿನ ನಾರಿನ ಹಾಸು ಹಾಸಿ, ಮೇಲೆ ರೆಸಿನ್ ಬಳಿದು, ಅದು ಬಿಗಿಯುವ ಮೊದಲೇ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯುವ ಕೆಲಸ. ನಾರು ಮೈಗೆ ಚುಚ್ಚಿ ತುರಿಸುತ್ತದೆ. ಎಷ್ಟು ಸ್ನಾನ ಮಾಡಿದರೂ ಹೋಗುವುದಿಲ್ಲ. ಅಲ್ಲಿ ಅವರು ನೀರಿನ ಟ್ಯಾಂಕು ಮಾಡಿದರು, ಬಸ್ಸಿನ ಸೀಟು ಮಾಡಿದರು, ಪಾರ್ಕುಗಳಲ್ಲಿ ಬಾಯಿ ತೆರೆದು ನಿಂತಿರುತ್ತವಲ್ಲ, ಆ ಮೊಲದ ಕಸದ ಬುಟ್ಟಿಗಳನ್ನು ಮಾಡಿದರು.

ಈಗ ವಿಮಾನದ ಒಳಗಿರುವ ಆ ಫೈಬರ್ ಚಿಪ್ಪನ್ನು ಪುಟ್ಟಸ್ವಾಮಿಯವರು ತಂದದ್ದು ವಸ್ತುಪ್ರದರ್ಶನದ ಮೈದಾನದ ಹಿಂದುಗಡೆ ರಾಶಿ ಬಿದ್ದಿದ್ದ ಹಳೆಯ ಸ್ತಬ್ಧಚಿತ್ರಗಳ ನಡುವಿನಿಂದ. ಎಂಜಿನ್ ಇಲ್ಲ, ಚಕ್ರವಿಲ್ಲ, ಕೂರಲು ಸೀಟಿಲ್ಲ. ಹಿಂದೆ ಎರಡು ಚೂಪು ಬಾಲ ಮಾತ್ರ ಆಕಾಶ ನೋಡುತ್ತಿದ್ದವು. "ಯಾವ್ದೋ ದಸರಾದ್ದು ಕಣೋ. ರಾಕೆಟ್ ಮಾಡಿರ್ಬೇಕು" ಎಂದರು ಪುಟ್ಟಸ್ವಾಮಿ. ಮೈಸೂರಿನಲ್ಲಿ ಅಂಥ ಜಾಗದಲ್ಲಿ, ಅಂಥ ಆಕಾರದ್ದು ಸಿಕ್ಕರೆ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಒಂದು ವರ್ಷ ಅದಕ್ಕೆ ಹುರುಪೆ ಬರೆದು ಮೀನು ಮಾಡಿದರು. ಇನ್ನೊಂದು ವರ್ಷ ಬಟ್ಟೆ ಸುತ್ತಿ ನವಿಲು ಮಾಡಿದರು. ಆಮೇಲೊಂದು ವರ್ಷ ದಸರಾದವರು ಪುಷ್ಪಕ ವಿಮಾನ ಬೇಕೆಂದು ಕೇಳಿಕೊಂಡು ಬಂದಾಗ, "ಇದನ್ನ ನಂಗೆ ಬಿಡಿ ಯಜಮಾನ್ರೇ" ಎಂದು ಏಕಾಂತಯ್ಯ ಬಾಯಿ ಬಿಟ್ಟು ಕೇಳಿದರು. ಅದುವರೆಗೆ ಅವರು ಏನನ್ನೂ ಹಾಗೆ ಕೇಳಿದವರಲ್ಲ.

ಜಂಬೂಸವಾರಿಯ ದಿನ ಲಾರಿಯ ಹಿಂದೆ ಅವರೂ ನಡೆದರು. ಸಯ್ಯಾಜಿರಾವ್ ರಸ್ತೆಯಲ್ಲಿ ಹೆಂಗಸರು ಚಪ್ಪಲಿ ಕಳಚಿ ವಿಮಾನಕ್ಕೆ ಕೈ ಮುಗಿದರು. ಒಬ್ಬ ಮುದುಕಿ ಮುಡಿಯಲ್ಲಿದ್ದ ಮಲ್ಲಿಗೆಯನ್ನೇ ಕಿತ್ತು ಎಸೆದಳು. ಅವರು ಮಾಡಿದ ನೀರಿನ ಟ್ಯಾಂಕಿಗೆ ಇದುವರೆಗೆ ಯಾರೂ ಕೈ ಮುಗಿದದ್ದಿಲ್ಲ. ಮುಂದೆ ಕೆಲವು ದಸರಾಗಳಲ್ಲಿ ವಿಮಾನ ಹೊರಟಿತು. ಆಮೇಲೆ ಅದನ್ನು ಕೇಳುವವರು ಕಡಿಮೆಯಾಗಿ ಬೇವಿನ ಮರದ ಕೆಳಗೇ ಉಳಿಯಿತು. ಆದರೂ ಆಯುಧಪೂಜೆಗೆ ಮೊದಲು ಏಕಾಂತಯ್ಯ ಅದಕ್ಕೊಂದು ಕೈ ಚಿನ್ನದ ಬಣ್ಣ ಹೊಡೆಯುವುದನ್ನು ಬಿಡಲಿಲ್ಲ.

ಧರಣಿ ಮತ್ತೆ ಬಂದಾಗ ಲ್ಯಾಪ್‌ಟಾಪ್ ತಂದಿದ್ದಳು. ಅದರಲ್ಲೊಂದು ಹಳೆಯ ಫೋಟೊ: ದೊಡ್ಡ ಸಭಾಂಗಣ, ಝಗಮಗ ದೀಪ, ಟೋಪಿ ಹಾಕಿದ ಹೆಂಗಸರು, ನಡುವೆ ಕಟ್ಟೆಯ ಮೇಲೆ ಒಂದು ಕಾರು. ಏಕಾಂತಯ್ಯ ಬಾಲ ನೋಡಿದ ಕೂಡಲೇ ಗುರುತು ಹಿಡಿದರು. ಅಮೆರಿಕದಲ್ಲಿ ಇಂಥ ಕಾರುಗಳನ್ನೇ ಹುಡುಕುವ ಒಂದು ಗುಂಪಿಗೆ ಅವಳು ಚಿತ್ರಗಳನ್ನು ಕಳಿಸಿದ್ದಳು. ಎಂದೋ ಒಡೆದುಹಾಕಿದರೆಂದು ಎಲ್ಲರೂ ನಂಬಿದ್ದ ಕಾರಿನ ಮೈ ಇದಿರಬಹುದು, ಮೇಲಿನದನ್ನು ತೆಗೆದರೆ ಮಾತ್ರ ಹೇಳಬಹುದು ಎಂದು ಅವರು ಉತ್ತರ ಬರೆದಿದ್ದರು. ಅದು ಮೈಸೂರಿಗೆ ಹೇಗೆ ಬಂತೆಂದು ಅವರಿಗೂ ತಿಳಿಯದು.

ಪುಟ್ಟಸ್ವಾಮಿಯವರು ತೀರಿಕೊಂಡು, ಶೆಡ್ಡನ್ನು ಈಗ ಅವರ ಮಗ ಸ್ವರೂಪ್ ನೋಡಿಕೊಳ್ಳುತ್ತಿದ್ದ. "ನನ್ನದೇನೂ ಅಡ್ಡಿಯಿಲ್ಲ ಮೇಡಂ. ಆದ್ರೆ ವಿಮಾನ ಏಕಾಂತಣ್ಣಂದು. ಅವ್ರು ಊಂ ಅಂದ್ರೆ ತೆಗೀರಿ, ಇಲ್ಲಾಂದ್ರೆ ಇಲ್ಲ" ಎಂದುಬಿಟ್ಟ.

ಏಕಾಂತಯ್ಯ ಊಂ ಅನ್ನಲಿಲ್ಲ. "ನಿಮ್ಮ ಕಾರು ಒಳಗೆ ಬೆಚ್ಚಗಿದೆಯಲ್ಲಮ್ಮ, ಇರ್ಲಿ ಬಿಡಿ" ಎಂದು ಎದ್ದು ಹೋದರು.

ಮನೆಯಲ್ಲಿ ಹೆಂಡತಿ ಮಾದೇವಮ್ಮನಿಗೆ ಹೇಳಿದರೆ ಅವರಿಗೆ ನಗು ತಡೆಯಲಾಗಲಿಲ್ಲ. "ಅಮೆರಿಕಾ ಕಾರು ಇಟ್ಕೊಂಡು ಇಷ್ಟು ವರ್ಷದಲ್ಲಿ ಒಂದಿನನಾದ್ರೂ ನನ್ನ ಬೆಟ್ಟಕ್ಕೆ ಕರ್ಕೊಂಡೋದ್ರಾ? ಬಸ್ಸಲ್ಲೇ ನೇತಾಕಿದ್ರಿ!" ಆಮೇಲೆ ಗಂಡನ ಮುಖ ನೋಡಿ ದನಿ ತಗ್ಗಿಸಿದರು. "ನಿಮಗೆ ಇಷ್ಟ ಇಲ್ಲಾಂದ್ರೆ ಬ್ಯಾಡ ಅಂದ್ಬುಡಿ. ಯಾರೇನು ಕಿತ್ಕೊಂಡೋಯ್ತಾರಾ?"

ಧರಣಿ ಒತ್ತಾಯ ಮಾಡಲಿಲ್ಲ. ಆದರೆ ಶನಿವಾರಗಳಂದು ಬರುವುದನ್ನು ನಿಲ್ಲಿಸಲೂ ಇಲ್ಲ. ರೆಸಿನ್ ಅಂಟಿಕೊಳ್ಳದಿರಲೆಂದು ಅವರು ಟ್ಯಾಂಕಿನ ಅಚ್ಚಿಗೆ ಮೇಣ ಸವರುವುದನ್ನು ನೋಡುತ್ತ ಕೂರುತ್ತಿದ್ದಳು. ಒಂದು ಶನಿವಾರ ಏಕಾಂತಯ್ಯನವರೇ ಮಾತು ತೆಗೆದರು.

"ಅಲ್ಲಮ್ಮ, ಅಷ್ಟು ಚೆನ್ನಾಗಿರೋ ಕಾರನ್ನ ಅವ್ರು ಯಾಕೆ ಒಡೆದಾಕಿದ್ರು? ಓಡ್ತಿರ್ಲಿಲ್ವಾ?"

"ಕೆಲವು ಓಡ್ತಿದ್ವು. ಇದು ಓಡಿರಲಾರದು, ಎಂಜಿನ್ ಕೂರಿಸೋಕೆ ಜಾಗಾನೇ ಇಲ್ಲ. ಇವು ಮಾರೋಕೆ ಮಾಡಿದ ಕಾರಲ್ಲ ಏಕಾಂತಯ್ಯನೋರೇ. ಮುಂದೆ ಕಾರು ಹೀಗಿರುತ್ತೆ ಅಂತ ಜನಕ್ಕೆ ತೋರಿಸೋಕೆ ಒಂದೇ ಒಂದು ಮಾಡೋರು. ಊರಿಂದೂರಿಗೆ ಲಾರೀಲಿ ಹೊತ್ಕೊಂಡು ಹೋಗಿ, ದೀಪ ಹಾಕಿ ನಿಲ್ಲಿಸೋರು. ಜನ ಸಾಲು ನಿಂತು ನೋಡೋರು. ಮುಂದಿನ ವರ್ಷ ಹೊಸದು ಬಂದ್ಮೇಲೆ ಹಳೇದನ್ನ ಗುಜರಿಗೆ ಕಳಿಸಿ ತುಂಡು ಮಾಡಿಸೋರು. ಎಷ್ಟೋ ಕಾರು ಹಾಗೇ ಹೋದ್ವು. ಕೆಲವನ್ನ ಗುಜರಿಯೋರು ಒಡೆಯೋಕೆ ಮನಸ್ಸು ಬಾರದೆ ಮೂಲೇಲಿ ಇಟ್ಬಿಟ್ಟಿದ್ರಂತೆ. ಈಗ ಒಂದೊಂದಾಗಿ ಸಿಗ್ತಿವೆ."

ಏಕಾಂತಯ್ಯ ಮೇಣದ ಬಟ್ಟೆ ಕೈಯಲ್ಲಿ ಹಿಡಿದೇ ಕುಳಿತರು. "ಅಂದ್ರೆ, ಎಂಜಿನ್ ಇಲ್ಲ, ಲಾರಿ ಮೇಲೆ ಮೆರವಣಿಗೆ, ಹಬ್ಬ ಮುಗಿದ್ಮೇಲೆ ಮೂಲೆಗೆ. ಅಲ್ವಾ?"

"ಹೂಂ."

"ಮತ್ತೆ ಅದೂ ಸ್ತಬ್ಧಚಿತ್ರಾನೇ ತಾನೇ! ನಮ್ಮ ಯಜಮಾನ್ರು ಸರಿಯಾಗೇ ಹೇಳಿದ್ರು ಬಿಡಿ."

ಧರಣಿ ನಕ್ಕಳು. ಏಕಾಂತಯ್ಯ ನಗಲಿಲ್ಲ. ಅವಳ ಮೊಬೈಲ್ ಇಸಿದುಕೊಂಡು ಹೋಗಿ, ಅವಳು ಅಂದು ಮಲಗಿದ್ದ ಜಾಗದಲ್ಲೇ ಮಲಗಿ ಒಳಗೆ ಬೆಳಕು ಬಿಟ್ಟರು. ಇಷ್ಟು ವರ್ಷ ಅದರ ಮೇಲೆ ಕೆಲಸ ಮಾಡಿದ್ದರೂ ಒಳಗಡೆಯನ್ನು ಅವರು ಸರಿಯಾಗಿ ನೋಡಿರಲಿಲ್ಲ. ಬಾಲದ ಬುಡದಲ್ಲಿ ರೆಸಿನ್ ಒಳಗೆ ಬ್ರಷ್ಷಿನ ಕೂದಲುಗಳು ಸಿಕ್ಕಿಕೊಂಡು ಹಾಗೇ ಬಿಗಿದುಹೋಗಿದ್ದವು. ಪಕ್ಕದಲ್ಲಿ ಹಾಸಿನ ಒಂದು ಅಂಚು ಮಡಚಿಕೊಂಡಿತ್ತು. ಸಮಯವಿದ್ದವನು ಕೂದಲು ಆರಿಸಿ ತೆಗೆಯುತ್ತಾನೆ, ಅಂಚು ತೀಡುತ್ತಾನೆ. ನಾಳೆಯೇ ಮೆರವಣಿಗೆ ಎಂದು ಮೇಲಿನವರು ಬಂದು ತಲೆಯ ಮೇಲೆ ನಿಂತಾಗ ಬಳಿಯುವ ಕೈ ಹೇಗಿರುತ್ತದೆ ಎಂಬುದು ಏಕಾಂತಯ್ಯನವರಿಗೆ ಗೊತ್ತಿತ್ತು.

ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡರು. "ಪಾಪ, ಯಾವೂರ ಮಾರಾಯನೋ, ಬಲು ಅವಸರದಲ್ಲಿ ಮಾಡವ್ನೆ. ಅವನ ಕೆಲಸದ ಮೇಲೆ ನಾನು ಕೂತ್ಬುಟ್ಟಿದೀನಿ. ತೆಗೆಯಣ ಕಣಮ್ಮ. ಆದ್ರೆ ಬೇರೆಯವ್ರು ಸುತ್ತಿಗೆ ಮುಟ್ಟಂಗಿಲ್ಲ. ನಾನೇ ತೆಗೀತೀನಿ."

ಹಂಸದ ಕತ್ತು ಮತ್ತು ಗೋಪುರ ಇಡಿಯಾಗಿ ಬಂದವು. ರಸ್ತೆಯ ಮೇಲಿನ ತಂತಿಗಳ ಕೆಳಗೆ ಹಾದುಹೋಗುವಾಗ ಬಿಚ್ಚಿ ಇಳಿಸಬೇಕೆಂದು ಅವೆರಡರ ಅಡಿಗೆ ಮಾತ್ರ ಮೇಣ ಸವರಿದ್ದರು. ಉಳಿದದ್ದು ಶಾಶ್ವತವಾಗಿ ಇರಲೆಂದು ನೇರ ಚಿಪ್ಪಿನ ಮೇಲೇ ಹಾಕಿದ್ದು. ಅದು ಮೈಗೆ ಮೈ ಹತ್ತಿಕೊಂಡುಬಿಟ್ಟಿತ್ತು. ಉಳಿಯಿಂದ ಎಬ್ಬಿಸಿದರೆ ಕೆಳಗಿನ ಬಣ್ಣವೇ ಕಿತ್ತು ಬರುತ್ತಿತ್ತು. ಕೊನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗ್ರೈಂಡರ್ ಹಿಡಿದರು. ರೆಕ್ಕೆಯ ಗರಿಗಳನ್ನು ಅವರು ಒಂದೊಂದಾಗಿ ಕೂತು ಬಿಡಿಸಿದ್ದರು. ಅವು ಚಿನ್ನದ ಧೂಳಾಗಿ ಬೇವಿನ ಎಲೆಗಳ ಮೇಲೆಲ್ಲ ಕೂತವು. ಒಂದು ರೆಕ್ಕೆ ಮುಗಿದಾಗ ಯಂತ್ರ ನಿಲ್ಲಿಸಿ ಕೆಳಗೆ ಕುಳಿತರು. ಬುತ್ತಿ ತಂದಿದ್ದ ಮಾದೇವಮ್ಮ ಈ ಸಲ ಏನೂ ತಮಾಷೆ ಮಾಡಲಿಲ್ಲ. ಗಂಡನ ತಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, "ಉಂಡ್ಬುಟ್ಟು ಇನ್ನೊಂದು ತೆಗೀರಿ" ಎಂದರು.

ಅಡಿಯಲ್ಲಿ ತಿಳಿಹಸಿರು ಬಣ್ಣವಿತ್ತು. ಅಲ್ಲಲ್ಲಿ ಏಕಾಂತಯ್ಯನವರ ರೆಸಿನ್ ಅದನ್ನು ತಿಂದುಹಾಕಿತ್ತು, ಮೀನಿನ ಹುರುಪೆಯ ಗುರುತುಗಳು ಒಂದೆರಡು ಕಡೆ ಉಳಿದಿದ್ದವು. ಚಿತ್ರಗಳನ್ನು ನೋಡಿದ ಅಮೆರಿಕದ ಗುಂಪಿನವರು ಅದೇ ಕಾರೆಂದು ಒಪ್ಪಿದರು. ಹುರುಪೆಗಳನ್ನು ದಯವಿಟ್ಟು ಅಳಿಸಬೇಡಿ, ಅದೂ ಆ ಕಾರಿನ ಚರಿತ್ರೆಯೇ ಎಂದು ಬರೆದರು. ಧರಣಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಏಕಾಂತಯ್ಯ, "ಮೊದ್ಲೇ ಹೇಳಿದ್ರೆ ರೆಕ್ಕೇನೂ ಉಳಿಸ್ತಿದ್ನಲ್ಲಮ್ಮ!" ಎಂದು ಹುಸಿಕೋಪ ತೋರಿಸಿದರು. ದನಿಯಲ್ಲಿ ನಿಜವಾದ ನೋವೂ ಸ್ವಲ್ಪ ಇತ್ತು.

ಕಾರು ಎಲ್ಲಿಗೂ ಹೋಗಿಲ್ಲ. ಸ್ವರೂಪ್ ಶೆಡ್ಡಿನ ಒಂದು ಪಕ್ಕ ಖಾಲಿ ಮಾಡಿ ಅದಕ್ಕೆ ನೆರಳು ಮಾಡಿಸಿದ್ದಾನೆ. ಏಕಾಂತಯ್ಯ ಈಗ ಬೆಳಗಿನ ಹೊತ್ತು ನೀರಿನ ಟ್ಯಾಂಕುಗಳನ್ನು ಮಾಡುತ್ತಾರೆ; ಊಟವಾದ ಮೇಲೆ ಧರಣಿಯ ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ರೆಸಿನ್ ತಿಂದ ಜಾಗಗಳನ್ನು ಒಂದೊಂದಾಗಿ ತುಂಬುತ್ತಿದ್ದಾರೆ.