ಚಟ್ನಿಪುಡಿಯ ಜೊತೆ ಹೋಗದ ಕವರು

ಜೈಬು, ನಿನ್ನ ಸರ್ಟಿಫಿಕೇಟು ಶಿಕ್ಷಣ ಇಲಾಖೆಯಲ್ಲಿ ಸಿಕ್ಕಿಹಾಕಿಕೊಂಡಿರಲಿಲ್ಲ. ಅದು ನನ್ನ ಹತ್ತಿರ ಇತ್ತು. ಹೆಡ್‌ಮಿಸ್ ಸಹಿ ಹಾಕಿ, ಇಲಾಖೆಯ ಮೊಹರು ಬಿದ್ದು, ಕಂದು ಬಣ್ಣದ ಕವರಿನೊಳಗೆ ನನ್ನ ಟ್ರಂಕಿನ ತಳದಲ್ಲಿ ಮಲಗಿತ್ತು. ಅಲ್ಲಿನ ಗುಮಾಸ್ತ ರಜೆಯಲ್ಲಿದ್ದಾನೆ ಎಂದು ನಿನಗೆ ಬರೆದಿದ್ದೆನಲ್ಲ — ಅಂಥ ಗುಮಾಸ್ತನೇ ಇರಲಿಲ್ಲ. ಅವನಿಗೆ ಕಾಮಾಲೆ ಎಂದೂ ಬರೆದಿದ್ದೆ. ಇಲ್ಲದ ಮನುಷ್ಯನಿಗೆ ಕಾಯಿಲೆ ತರಿಸುವಷ್ಟು ಜಾಣೆ, ನಿನ್ನ ಈ ಸರೋಜಕ್ಕ.

ಇಷ್ಟು ಹೇಳುವುದಕ್ಕೆ ಎಂಟು ವರ್ಷ ಬೇಕಾಯಿತು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಬೇಡ — ಅಲ್ಲ, ಕೇಳು. ನೀನಲ್ಲದೆ ಇನ್ಯಾರು ಕೇಳಬೇಕು.

ನಿನಗೆ ನೆನಪಿರುತ್ತದೆ, ನಾನು ಗದಗ ಬಿಟ್ಟು ಬಂದ ವರ್ಷ. ನಮ್ಮವರಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಐದು ವರ್ಷ ಪಾಠ ಹೇಳಿದ ಶಾಲೆಗೆ ರಾಜೀನಾಮೆ ಕೊಟ್ಟು ನಾನು ಅವರ ಹಿಂದೆ ಬಂದೆ. ಆರ್.ಟಿ. ನಗರದ ಆ ಪುಟ್ಟ ಮನೆಯಲ್ಲಿ ಬೆಳಗ್ಗೆ ಏಳಕ್ಕೆ ಅವರು ಹೊರಟರೆ, ಆಮೇಲೆ ಸಂಜೆಯವರೆಗೆ ನಾನು ಮತ್ತು ಗೋಡೆ. ಅಂಗಡಿಯಲ್ಲಿ ಬಾಯಿ ಬಿಟ್ಟರೆ ನನ್ನ ಮಾತಿಗೆ ನಗುತ್ತಿದ್ದರು. ಕನ್ನಡ ನಾಡಿನಲ್ಲೇ ಇದ್ದು ಪರದೇಶಿಯಂತೆ ಇದ್ದೆ. ನೀನು ಪಕ್ಕದ ವಠಾರದವಳು. ಒಂದು ದಿನ ನಲ್ಲಿಯ ಹತ್ತಿರ ಬಿಂದಿಗೆ ಕೆಳಗಿಟ್ಟು ಕೇಳಿದೆ: "ಅಕ್ಕಾ, ನೀವು ಟೀಚರ್ ಆಗಿದ್ರಂತೆ? ಮತ್ತೆ ಮನೇಲಿ ಕೂತು ಯಾರಿಗೆ ಪಾಠ ಮಾಡ್ತಿದೀರಾ, ಗೋಡೆಗಾ?"

ಮರುದಿನವೇ ನನ್ನನ್ನು ನೀನು ಪಾಠ ಹೇಳುತ್ತಿದ್ದ ಶಾಲೆಗೆ ಎಳೆದುಕೊಂಡು ಹೋದೆ. ಹೆಡ್‌ಮಿಸ್ ಕೇಳಿದ್ದು ಒಂದೇ — ಹಿಂದಿನ ಶಾಲೆಯ ಅನುಭವ ಪತ್ರ ಎಲ್ಲಿ? ಗದಗದವರು ಅದನ್ನು ಇನ್ನೂ ಕಳಿಸಿರಲಿಲ್ಲ. ನೀನು ಮುಂದೆ ಬಂದು, "ಬರುತ್ತೆ ಮೇಡಂ. ಬರೋವರೆಗೂ ನನ್ನ ಮಾತಿದೆ," ಅಂದೆ. ನನ್ನನ್ನು ನೀನು ನೋಡಿ ಆಗ ಎರಡು ವಾರವೂ ಆಗಿರಲಿಲ್ಲ. ಆ ಪತ್ರ ಬರಲು ನಾಲ್ಕು ತಿಂಗಳು ಹಿಡಿಯಿತು. ನಾಲ್ಕು ತಿಂಗಳೂ ನಾನು ಪಾಠ ಹೇಳಿದ್ದು ನಿನ್ನ ಒಂದು ಮಾತಿನ ಮೇಲೆ.

ಆಮೇಲಿನ ನಾಲ್ಕು ವರ್ಷ... ಅವನ್ನು ಏನೆಂದು ಬರೆಯಲಿ? ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಿನ್ನ ಪಾಲಾಗುತ್ತಿದ್ದವು. ನಿನ್ನ ಚಪಾತಿ ನನಗೆ. ನಾಲ್ಕನೇ ಕ್ಲಾಸಿಗೆ ನೀನು ಭಿನ್ನರಾಶಿ ಹೇಳುವಾಗ ಪಕ್ಕದ ಕೋಣೆಯಲ್ಲಿ ನನ್ನ ಕ್ಲಾಸಿನ ಮಕ್ಕಳೂ ಪುಸ್ತಕ ಮುಚ್ಚಿ ಆಲಿಸುತ್ತಿದ್ದವು, ನಾನೂ ಸುಮ್ಮನಾಗುತ್ತಿದ್ದೆ. ಭಾನುವಾರ ಕೆಂಪಾಪುರದ ಕಡೆ ದ್ರಾಕ್ಷಿ ತೋಟದ ತನಕ ನಡೆದು ಹೋಗಿ, ಹುಳಿ ದ್ರಾಕ್ಷಿ ತಿಂದು ಹಲ್ಲು ಚಳಿತುಹೋದವೆಂದು ಒಬ್ಬರನ್ನೊಬ್ಬರು ಬೈದುಕೊಂಡು ಬರುತ್ತಿದ್ದೆವು. ಈ ಊರು ನನಗೆ ಊರಾದದ್ದು ನಿನ್ನಿಂದ.

ನಿನ್ನ ಯಜಮಾನರು ಸಲೀಂ ಅವರಿಗೆ ಮಸ್ಕತ್ತಿನಲ್ಲಿ ಕೆಲಸವಾಯಿತು. ನೀನು ರಾಜೀನಾಮೆ ಬರೆದ ದಿನ ನಾನು ನಗುನಗುತ್ತಾ ಅದರ ಕಾಗುಣಿತ ತಿದ್ದಿಕೊಟ್ಟೆ. ಬೊಂಬಾಯಿ ರೈಲು ಹೊರಟ ಮೇಲೆ ಪ್ಲಾಟ್‌ಫಾರಂ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಸೋಮವಾರ ಡಬ್ಬಿಗೆ ಎಂದಿನಂತೆ ನಾಲ್ಕು ರೊಟ್ಟಿ ಹಾಕಿಬಿಟ್ಟಿದ್ದೆ.

ಆರು ತಿಂಗಳಿಗೆ ನಿನ್ನ ಕಾಗದ ಬಂತು. ಅಲ್ಲಿನ ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಗಣಿತಕ್ಕೆ ನಿನ್ನನ್ನು ಆರಿಸಿದ್ದಾರೆ, ಅನುಭವ ಪತ್ರಕ್ಕೆ ಇಲಾಖೆಯ ಮೊಹರು ಬೇಕು, ಶಾಲೆ ತೆರೆಯುವುದರೊಳಗೆ ಅದು ಕೈ ಸೇರಬೇಕು ಎಂದು ಬರೆದಿದ್ದೆ. ಕೆಳಗೆ ಇನ್ನೊಂದು ಸಾಲು: 'ಮನೇಲಿ ಕೂತು ಹುಚ್ಚು ಹಿಡೀತಿದೆ ಅಕ್ಕಾ. ಈ ಕೆಲಸ ಸಿಗ್ಲಿಲ್ಲ ಅಂದ್ರೆ ಇವರನ್ನ ಇಲ್ಲೇ ಬಿಟ್ಟು ನಿಮ್ಮ ಹತ್ರ ಬಂದ್ಬಿಡ್ತೀನಿ.'

ನೀನು ಅದನ್ನು ತಮಾಷೆಗೆ ಬರೆದಿರಬಹುದು. ನಾನು ಮಾತ್ರ ಆ ಸಾಲನ್ನು ದಿನಾ ಓದಿದೆ.

ನಾನು ಕೆಲಸ ಮಾಡಿಸಲಿಲ್ಲವೆಂದಲ್ಲ. ಮೂರು ದಿನ ರಜೆ ಹಾಕಿ ಇಲಾಖೆಗೆ ಅಲೆದು ಮೊಹರು ಹಾಕಿಸಿದೆ. ಕಳಿಸಬೇಕೆಂದೇ ಹಾಕಿಸಿದೆ — ಇದನ್ನಾದರೂ ನಂಬು. ಆದರೆ ಕವರನ್ನು ಮನೆಗೆ ತಂದ ಮೇಲೆ ಆ ಸಾಲು ಮತ್ತೆ ಕಣ್ಣಿಗೆ ಬಿತ್ತು. ನಾಳೆ ಕಳಿಸಿದರಾಯಿತು ಎಂದುಕೊಂಡೆ. ಮರುದಿನವೂ ಅದೇ.

ಆ ವಾರವೇ ನಿನ್ನ ಮೈದುನ ರಫೀಕ್ ಮಸ್ಕತ್ತಿಗೆ ಹೊರಟಿದ್ದ. ಹೋಗುವವರ ಕೈಯಲ್ಲಿ ಉಪ್ಪಿನಕಾಯಿ, ಕಾಗದ ಪತ್ರ ಎಲ್ಲ ಕಳಿಸುವುದು ನಿಮ್ಮ ಬೀದಿಯ ಪದ್ಧತಿ. ಅಂಚೆಗಿಂತ ಅದೇ ಗಟ್ಟಿ. ಅವನು ಬಾಗಿಲಲ್ಲಿ ನಿಂತು, ನಾನು ಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಕೈಯಲ್ಲೇ ತೂಗಿ ನೋಡಿ ಗೊಣಗಿದ: "ಏನ್ ಆಪಾ, ಭಾಬಿಗೆ ಇಡೀ ಗದಗನೇ ಕಳಿಸ್ತಿದೀರಾ?" ಆಮೇಲೆ ಕೇಳಿದ: "ಯಾವ್ದೋ ಸರ್ಟಿಫಿಕೇಟ್ ಅಂತ ಬರೆದಿದ್ರು. ಆಯ್ತಾ ಅದು?"

ಟ್ರಂಕು ಅವನಿಂದ ನಾಲ್ಕು ಹೆಜ್ಜೆ ದೂರ ಇತ್ತು.

"ಇಲ್ಲಪಾ, ಇನ್ನೂ ಆಗಿಲ್ಲ," ಅಂದೆ.

ಚಟ್ನಿಪುಡಿ ಹೋಯಿತು, ಕವರು ಉಳಿಯಿತು. ಎಣ್ಣೆ ಸೋರದಿರಲೆಂದು ಡಬ್ಬಿಯ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿದ್ದೆ — ಅಷ್ಟು ಕಾಳಜಿ ನನಗೆ.

ಶಾಲೆ ತೆರೆಯಿತು, ಬೇರೆ ಯಾರನ್ನೋ ತೆಗೆದುಕೊಂಡರು. ಮರುವರ್ಷ ಬಿ.ಎಡ್. ಆದವರೇ ಬೇಕೆಂದು ನಿಯಮ ಮಾಡಿದರಂತೆ. ಆ ಬಾಗಿಲು ಹಾಗೆ ಮುಚ್ಚಿತು. ನೀನೂ ಬರಲಿಲ್ಲ, ಜೈಬು. ನಾನು ಸಂಜೆ ಪೋಸ್ಟ್‌ಮ್ಯಾನ್ ಹಾದಿ ಕಾದೆ, ಆಟೋ ನಿಂತ ಸದ್ದಾದರೆ ಹೊರಗೆ ಬಂದೆ. ಗಂಡನನ್ನು ಬಿಟ್ಟು ನೀನು ಯಾಕಾದರೂ ಬರುತ್ತೀ? ನಾನು ಬಿಟ್ಟು ಬಂದಿದ್ದೆನೇ? ನಿನ್ನ ಕಾಗದಗಳು ತಿಂಗಳಿಗೊಂದಾದವು, ಆಮೇಲೆ ರಂಜಾನಿಗೊಂದು. ಬರೆಯಲಿಕ್ಕೆ ಏನೂ ಇಲ್ಲ ಅಕ್ಕಾ, ಇವತ್ತೂ ನಿನ್ನೆ ಥರಾನೇ, ಎಂದು ಒಂದರಲ್ಲಿ ಬರೆದಿದ್ದೆ. ಆ ನಿನ್ನೆಗಳನ್ನು ನಿನಗೆ ಕೊಟ್ಟವಳು ನಾನು.

ಹೋದ ತಿಂಗಳು ನೀನು ಮಕ್ಕಳನ್ನು ಕರೆದುಕೊಂಡು ಬಂದಾಗ ಹೇಳಬೇಕಿತ್ತು. ನಿನ್ನನ್ನು ನಮ್ಮ ಶಾಲೆಗೆ ಕರೆದೊಯ್ದೆ. ನಾಲ್ಕನೇ ಕ್ಲಾಸಿನ ಹೊಸ್ತಿಲಲ್ಲಿ ನೀನು ನಿಂತುಬಿಟ್ಟೆ. ನಾನು ಸೀಮೆಸುಣ್ಣ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡೆ. "ಬೇಡ ಅಕ್ಕಾ, ಎಲ್ಲಾ ಮರ್ತೋಗಿದೆ." ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು ಹೇಳಿದೆ: "ನೀವು ಎಷ್ಟ್ ಓಡಾಡಿದ್ರಿ ನನಗೋಸ್ಕರ. ನನ್ನ ನಸೀಬಲ್ಲಿ ಇರ್ಲಿಲ್ಲ, ಬಿಡಿ." ಆಗಲೂ ನಾನು, ಚಹಾ ಕುಡಿಯೋಣ ಬಾ ಎಂದೆ.

ನಸೀಬಲ್ಲ, ಜೈಬು. ಅದು ನಾನು.

ನಿನ್ನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆದು, ಹೊಡೆದುಹಾಕಿದೆ. ಪ್ರೀತಿ ಇದ್ದದ್ದು ನಿಜ. ನಿನಗೆ ಅದರಿಂದ ಏನು ಉಪಯೋಗವಾಯಿತು? ಕ್ಷಮಿಸು ಎಂದೂ ಬರೆಯುವುದಿಲ್ಲ. ಅದು ನಿನ್ನ ತಲೆಗೆ ಇನ್ನೊಂದು ಕೆಲಸ ಹಚ್ಚಿದಂತೆ. ಇವತ್ತಿಗೂ ಭಾನುವಾರ ಸಂಜೆ ಕೆಂಪಾಪುರದ ಕಡೆ ಕಾಲು ತಾನಾಗಿ ತಿರುಗುತ್ತದೆ. ಅರ್ಧ ದಾರಿ ಹೋಗಿ ವಾಪಸು ಬರುತ್ತೇನೆ.

ರಜೆಗೆ ಬಂದಿದ್ದ ರಫೀಕ್ ನಾಳೆ ಮತ್ತೆ ಹೊರಡುತ್ತಾನೆ. ಹೋಗುವ ಮುಂಚೆ ಡಬ್ಬಿಗೆಂದು ನಮ್ಮ ಬಾಗಿಲಿಗೆ ಬರುತ್ತಾನೆ. ಈ ಸಲ ಡಬ್ಬಿ ಇಲ್ಲ. ಈ ಕಾಗದ ಮತ್ತು ಆ ಕಂದು ಕವರು, ಎರಡೇ. ಅವನು ಕೇಳಲಿಕ್ಕಿಲ್ಲ; ಅವನಿಗೆ ಯಾವಾಗಲೋ ಮರೆತುಹೋಗಿರುತ್ತದೆ. ಕೇಳದಿದ್ದರೂ ಕವರನ್ನು ಅವನ ಕೈಗಿಟ್ಟು ಹೇಳುತ್ತೇನೆ — ಅವತ್ತೇ ಆಗಿತ್ತಪಾ.